ನೀವು ಅಲ್ಲೇ ನಿಲ್ಲಿ, ಮೇಸ್ತ್ರಿ!

"ಅಲ್ಲೇ ನಿಲ್ಲಿ! ಒಂದು ಹೆಜ್ಜೆನೂ ಮುಂದೆ ಇಡಬೇಡಿ!"

ಬಸ್ ನಿಲ್ದಾಣದೊಳಗೆ ಕಾಲಿಡುತ್ತಿದ್ದವಳು ಗಕ್ಕನೆ ನಿಂತಳು.

'ಯಾರಪ್ಪಾ ಇದು, ಬೆಳಬೆಳಗ್ಗೆ ಗದರಿಸೋದು?'

ನೋಡಿದರೆ, ನೆಲದಲ್ಲಿ ಮಂಡಿಯೂರಿ ಕೂತ ಒಬ್ಬ ಯುವಕ. ಮೊಣಕೈವರೆಗೆ ಸಿಮೆಂಟು, ಹುಬ್ಬಿನ ಮೇಲೂ ಸಿಮೆಂಟು, ಕೈಯಲ್ಲಿ ರಬ್ಬರ್ ಸುತ್ತಿಗೆ. ಅವನ ಮುಂದೆ ಆಗಷ್ಟೇ ಕೂರಿಸಿದ ಟೈಲ್ಸ್.

"ಇದಿನ್ನೂ ಹಸಿ ಇದೆ ಮೇಡಂ. ಆ ಕಡೆಯಿಂದ ಬನ್ನಿ. ಕಪ್ಪು ಪಟ್ಟಿ ಒಣಗಿದೆ, ಆರಾಮಾಗಿ ದಾಟಬಹುದು."

ಆರಾಮಾಗಿ! ಅವಳಿಗೆ ನಗು ಬಂತು, ಅಳುವೂ ಬಂತು.

ಹಳೆಯ ಬೂದು ನೆಲ ಮುಗಿದು ಹೊಸ ನೆಲ ಶುರುವಾಗುವಲ್ಲಿ ಫಳಫಳ ಹೊಳೆಯುವ ಕಪ್ಪು ಕಲ್ಲಿನ ಪಟ್ಟಿ ಹಾಕಿದ್ದರು. ಚೀಲ ಹೊತ್ತವರು, ಮಗು ಎತ್ತಿಕೊಂಡವರು, ಎಲ್ಲರೂ ಅದನ್ನು ನೋಡದೆಯೇ ದಾಟಿಹೋಗುತ್ತಿದ್ದರು. ಅವಳ ಕಣ್ಣಿಗೆ ಮಾತ್ರ ಅದು ನೆಲವಲ್ಲ, ನೆಲದಲ್ಲಿ ತೋಡಿದ ಗುಂಡಿ. ಎಷ್ಟು ಆಳವೋ ಯಾರಿಗೆ ಗೊತ್ತು!

ಅವಳು ಹುಟ್ಟುವಾಗಲೇ ವಂಶವಾಹಿಯ ಒಂದು ಚೂರು ಇಲ್ಲದೆ ಹುಟ್ಟಿದವಳು. ವಿಲಿಯಮ್ಸ್ ಸಿಂಡ್ರೋಮ್ ಎಂದು ಡಾಕ್ಟರರು ಹೆಸರು ಹೇಳಿದ್ದರು. ಅದರ ದೆಸೆಯಿಂದ ಮೆಟ್ಟಿಲು ಇಳಿಯುವುದು, ನೆಲದ ಬಣ್ಣ ಬದಲಾಗುವಲ್ಲಿ ಕಾಲಿಡುವುದು ಅವಳಿಗೆ ದೊಡ್ಡ ಪಜೀತಿ. ಕಣ್ಣು ಹೇಳಿದ್ದು ಕಾಲಿಗೆ ತಲುಪುವಷ್ಟರಲ್ಲಿ ಗಲಿಬಿಲಿಯಾಗಿಬಿಡುತ್ತಿತ್ತು. ಆದರೆ ಬಾಯಿ? ಅಬ್ಬಬ್ಬಾ! ಊರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಮಾತಿನಮಲ್ಲಿ ಎಂದು. ಇಪ್ಪತ್ತೇಳರ ಈ ಹುಡುಗಿ ಅದೇ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗುವವಳು. ಅವಳ ದನಿ ಕೇಳಲೆಂದೇ ಬಸ್ ತಪ್ಪಿಸಿಕೊಂಡವರಿದ್ದಾರೆಂದು ಕಂಟ್ರೋಲರ್ ಸಾಹೇಬರು ತಮಾಷೆ ಮಾಡುತ್ತಿದ್ದರು.

"ನಂಗೆ ಅದು ಗುಂಡಿ ಥರ ಕಾಣುತ್ತೆ," ಎಂದಳು ನೇರವಾಗಿ. ನಾಚಿಕೆ ಪಡುವ ಜಾಯಮಾನವೇ ಅವಳದಲ್ಲ. "ನನ್ನ ಕಣ್ಣು ಹಾಗೇ. ನಗೋದಿದ್ರೆ ಈಗಲೇ ನಕ್ಕು ಮುಗಿಸಿಬಿಡಿ, ನಂಗೆ ಹೊತ್ತಾಗ್ತಿದೆ."

ಅವನು ನಗಲಿಲ್ಲ. 'ಅಯ್ಯೋ ಪಾಪ' ಎನ್ನಲಿಲ್ಲ. ಕೈ ಹಿಡಿಯಲು ಓಡಿಯೂ ಬರಲಿಲ್ಲ. ಬಗ್ಗಿ ಆ ಕಪ್ಪು ಪಟ್ಟಿಯ ಮೇಲೆ ಅಂಗೈ ಊರಿದ.

"ನೋಡಿ, ನೆಲವೇ. ನಿಧಾನಕ್ಕೆ ಬನ್ನಿ."

ಅಷ್ಟು ಹೇಳಿ ಅವಳಿಗೆ ಬೆನ್ನು ಹಾಕಿ ಕೂತು ತನ್ನ ಕೆಲಸ ಶುರು ಮಾಡಿದ. ಟಕ್... ಟಕ್... ಟಕ್... ಸುತ್ತಿಗೆ ಟೈಲ್ಸಿನ ಮೇಲೆ ಹದವಾಗಿ ಬೀಳುತ್ತಿತ್ತು.

ಅವಳು ಬೆರಗಾದಳು. ಅವಳು ತಡವರಿಸಿದಾಗಲೆಲ್ಲ ಜನ ನಿಂತು ನೋಡುತ್ತಿದ್ದರು. ಇವನೊಬ್ಬ ನೋಡದೇ ಇದ್ದ. ಯಾರೂ ನೋಡದಿದ್ದಾಗ ಕಾಲು ಎಷ್ಟು ಹಗುರ! ಟಕ್ ಎಂದಾಗ ಒಂದು ಕಾಲು, ಮತ್ತೆ ಟಕ್ ಎಂದಾಗ ಇನ್ನೊಂದು... ತನಗೇ ಗೊತ್ತಾಗದೆ ಅವಳು ಆಚೆ ದಡ ಸೇರಿಬಿಟ್ಟಿದ್ದಳು.

ಥ್ಯಾಂಕ್ಸ್ ಹೇಳಲು ಬಾಯಿ ತೆರೆದಳು. ಅವನು ತಿರುಗಿ ನೋಡಿದ.

ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ!

'ಏನಾಯ್ತು ನಂಗೆ? ನಾಲಗೆ ಎಲ್ಲಿ ಬಿದ್ದುಹೋಯ್ತು?'

ಮೈಕಿನ ಕೋಣೆಗೆ ಹೋಗಿ ಕೂತರೂ ಎದೆ ಡವಡವ ನಿಲ್ಲಲಿಲ್ಲ. ಆ ದಿನದ ಮೊದಲ ಬಸ್ಸನ್ನು ಬೇರೆ ಊರಿಗೆ ಕಳಿಸಿಬಿಟ್ಟಳು ಪುಣ್ಯಾತ್ಗಿತ್ತಿ. ಕಂಟ್ರೋಲರ್ ಸಾಹೇಬರು ಓಡಿಬಂದು ಸರಿಮಾಡಿದರು.

ಆಮೇಲೆ ದಿನವೂ ಅದೇ ಪಾಡು. ನೆಲದ ಕೆಲಸ ಮೈಕಿನ ಕೋಣೆಯ ಹತ್ತಿರ ಹತ್ತಿರ ಬರುತ್ತಿತ್ತು, ಜೊತೆಗೆ ಟೈಲ್ಸ್ ಮೇಸ್ತ್ರಿಯೂ. ಮಧ್ಯಾಹ್ನ ಅವನು ಕಿಟಕಿಯ ಬಳಿ ಚಹಾ ಹಿಡಿದು ನಿಲ್ಲುತ್ತಿದ್ದ. ಮಾತು ಅವನದೇ. ಒಳಗೆ ಪೊಳ್ಳಿರುವ ಟೈಲ್ಸನ್ನು ಸುತ್ತಿಗೆಯ ಸದ್ದಿನಲ್ಲೇ ಹೇಗೆ ಹಿಡಿಯುವುದು, ಒಮ್ಮೆ ಯಾರದೋ ಮನೆಯ ಬೆಕ್ಕು ಹಸಿ ನೆಲದ ಮೇಲೆ ಮೆರವಣಿಗೆ ಹೋಗಿ ಅವನ ಇಡೀ ದಿನದ ಕೆಲಸ ಹೇಗೆ ಕೆಡಿಸಿತು... ಅವಳು ಕಣ್ಣರಳಿಸಿ ಕೇಳುತ್ತಿದ್ದಳು, 'ಹೂಂ' ಎನ್ನುತ್ತಿದ್ದಳು, ಅಷ್ಟೇ. ಒಮ್ಮೆ ಮಾತ್ರ ಧೈರ್ಯ ಮಾಡಿ, ವ್ಯಾಯಾಮದ ಡಾಕ್ಟರಮ್ಮ ನೆಲದ ಮೇಲೆ ಬಣ್ಣದ ಗೆರೆ ಅಂಟಿಸಿ ತನ್ನನ್ನು ನಡೆಸುವ ವಿಷಯ ಹೇಳಿದ್ದಳು.

"ಗೆರೆ ಇದ್ರೆ ಸಲೀಸಾಗುತ್ತಾ?" ಎಂದು ಕೇಳಿದ್ದ ಅವನು.

"ಅಲ್ಲಿ... ಹೆಜ್ಜೆ ಉದ್ದ ಆಗುತ್ತೆ," ಎಂದಿದ್ದಳು. ಮುಂದಿನ ಅರ್ಧ ಮಾತು ಎಂದಿನಂತೆ ಗಂಟಲಲ್ಲೇ ಉಳಿಯಿತು.

ಆ ಅರ್ಧ ಮಾತೇ ಮುಂದಿನ ಎಡವಟ್ಟಿಗೆಲ್ಲ ಕಾರಣವಾಯಿತು ನೋಡಿ.

* * *

"ಅಮ್ಮಾ, ನಂಗೆ ಮೇಸ್ತ್ರಿ ಅಂದ್ರೆ ಇಷ್ಟ. ಮದುವೆ ಆಗೋಷ್ಟು ಇಷ್ಟ."

ಊಟಕ್ಕೆ ಕೂತಾಗ ಬಾಂಬು ಹಾಕಿಯೇಬಿಟ್ಟಳು. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಔಷಧಿ ಅಂಗಡಿ ನಡೆಸುವ ಅಣ್ಣ ಮಾತ್ರ ತಲೆಯೆತ್ತದೆ ನಕ್ಕ.

"ನಿಂಗೆ ಯಾರು ಇಷ್ಟ ಇಲ್ಲ ಹೇಳು? ಹೋದ ವರ್ಷ ಗ್ಯಾಸ್ ಸಿಲಿಂಡರ್ ತರೋನೂ ಇಷ್ಟ ಅಂದಿದ್ದೆ. ಹಲ್ಲಿನ ಡಾಕ್ಟರೂ ಇಷ್ಟ. ಹಲ್ಲು ಕೀಳೋರನ್ನ ಯಾರಾದ್ರೂ ಇಷ್ಟಪಡ್ತಾರೇನೇ?"

"ಅವರೆಲ್ಲ ಒಳ್ಳೇವ್ರು. ಇವರು ಬೇರೆ."

"ಏನು ಬೇರೆ?" ಅಣ್ಣ ಈಗ ತಟ್ಟೆ ಸರಿಸಿದ. ಅವನ ದನಿಯಲ್ಲಿ ಕೋಪಕ್ಕಿಂತ ದಿಗಿಲೇ ಹೆಚ್ಚಿತ್ತು. "ನೋಡು ಪುಟ್ಟಿ, ಡಾಕ್ಟರೇ ಹೇಳಿದ್ದಾರೆ. ಇಂಥವರಿಗೆ ಎಲ್ಲರ ಮೇಲೂ ಅಕ್ಕರೆ ಜಾಸ್ತಿ. ಅದನ್ನ ಪ್ರೀತಿ ಅಂತ ಅಂದ್ಕೋಬಾರ್ದು. ನಾಳೆ ಅವನು ಕೈಕೊಟ್ಟು ಹೋದ್ರೆ?"

"ಇಂಥವರು!" ಅವಳ ಕಣ್ಣು ಕೆಂಪಾಯಿತು. "ನಾನು ಇಂಥವಳಲ್ಲ ಅಣ್ಣ. ನಾನು ನಿನ್ನ ತಂಗಿ."

ತಟ್ಟೆ ಬಿಟ್ಟು ಎದ್ದುಹೋದಳು. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಅವಳನ್ನು ಅಂಗೈಯಲ್ಲಿಟ್ಟು ಸಾಕಿದವನು. ಪ್ರೀತಿಯೇನೋ ಬೆಟ್ಟದಷ್ಟಿತ್ತು. ಆದರೆ ಅಂಗೈಯಲ್ಲಿಟ್ಟುಕೊಂಡವರಿಗೆ ಕೆಳಗಿಳಿಸುವುದು ಎಷ್ಟು ಕಷ್ಟವೆಂದು ಅವಳಿಗೆ ಆ ದಿನ ಗೊತ್ತಾಯಿತು.

ಅವಳಿಗೆ ಗೊತ್ತಾಗದೇ ಉಳಿದದ್ದು ಒಂದೇ. ಮರುದಿನವೇ ಅಣ್ಣ ಬಸ್ ನಿಲ್ದಾಣಕ್ಕೆ ಹೋಗಿ ಮೇಸ್ತ್ರಿಯನ್ನು ಕಂಡಿದ್ದ.

* * *

ಅದಾಗಿ ಕೆಲವು ದಿನಗಳಾಗಿರಬೇಕು. ಬೆಳಗ್ಗೆ ನಿಲ್ದಾಣಕ್ಕೆ ಬಂದವಳು ಬಾಗಿಲಲ್ಲೇ ದಂಗಾಗಿ ನಿಂತಳು.

ಬಾಗಿಲಿಂದ ಮೈಕಿನ ಕೋಣೆಯವರೆಗೆ ಹೊಸ ನೆಲದ ಮೇಲೆ ಹಳದಿ ಗೆರೆಗಳು! ಒಂದೊಂದು ಟೈಲ್ಸಿಗೆ ಒಂದೊಂದು ಗೆರೆ, ನೆಟ್ಟಗೆ, ಅಚ್ಚುಕಟ್ಟಾಗಿ. ಆ ತುದಿಯಲ್ಲಿ ಮೇಸ್ತ್ರಿ ನಿಂತಿದ್ದ. ಮುಖದಲ್ಲಿ ನಗು ಇತ್ತು, ಆದರೆ ಕಣ್ಣುಗಳಲ್ಲಿ ಏನೋ ಬಾಡಿದಂತಿತ್ತು.

"ನಿಮಗೇ ಹಾಕಿದ್ದು. ಬನ್ನಿ!"

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

'ಅಯ್ಯೋ ದೇವರೇ...'

ಮೊದಲ ಗೆರೆ ಮೆಟ್ಟಿದಳು. ಎರಡನೆಯದು ದೂರವಿತ್ತು, ಕಾಲು ಚಾಚಿದಳು. ಮುಂದಿನದಕ್ಕೆ ಇನ್ನೂ ಚಾಚಿದಳು. ಕಣ್ಣು ಗೆರೆಗೆ ಅಂಟಿಕೊಂಡಿತು, ತಲೆಯೊಳಗೆ ಗೆರೆ ಬಿಟ್ಟು ಬೇರೇನೂ ಇರಲಿಲ್ಲ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಅಷ್ಟರಲ್ಲಿ ಯಾರೋ, "ಏನಮ್ಮಾ, ಬೆಟ್ಟದ ಬಸ್ಸು ಬಂತಾ?" ಎಂದು ಕೇಳಿದರು. ಉತ್ತರ ಹೇಳಲೆಂದು ತಲೆಯೆತ್ತಿದಳು, ಅಷ್ಟೇ...

ಧೊಪ್ಪನೆ ಬಿದ್ದಳು!

"ಅಯ್ಯೋ ಪಾಪ! ಈ ಹುಡುಗಿಗೋಸ್ಕರವಂತೆ ಗೆರೆ. ಪಾಪ, ಪಾಪ..."

ಬಿದ್ದ ನೋವು ಎಷ್ಟು ಮಹಾ? ಆ 'ಪಾಪ' ಇತ್ತಲ್ಲ, ಅದು ಮೈಯೆಲ್ಲ ಉರಿಸಿತು. ಓಡಿಬಂದ ಮೇಸ್ತ್ರಿಯ ಕೈಯನ್ನು ತಳ್ಳಿ ತಾನೇ ಎದ್ದಳು. ಈಗ ನೋಡಿ, ಮಾತು ಬಂತು!

"ಯಾರ್ರೀ ಹೇಳಿದ್ದು ನಿಮಗೆ, ನನ್ನ ದಾರಿಗೆ ಗೆರೆ ಹಾಕಿ ಅಂತ?"

"ನೀವೇ ಹೇಳಿದ್ರಲ್ಲ, ಗೆರೆ ಇದ್ರೆ..."

"ಡಾಕ್ಟರಮ್ಮನ ಕೋಣೇಲಿ ನಡೆಯೋದೊಂದೇ ನನ್ನ ಕೆಲಸ! ಇಲ್ಲಿ ಜನ, ಬಸ್ಸು, ಮಾತು! ಇಲ್ಲಿ ಗೆರೆ ನೋಡ್ಕೊಂಡು ಹೇಗ್ರೀ ನಡೀಲಿ? ನನ್ನ ಒಂದು ಮಾತು ಕೇಳಿದ್ರಾ? ನೀವೊಬ್ರಾದ್ರೂ ನನ್ನ ಹಾಗೆ ನೋಡಲ್ಲ ಅಂದ್ಕೊಂಡಿದ್ದೆ. ನಿಮಗೂ ನಾನು ಪಾಪದ ಹುಡುಗಿನೇ!"

ಅವನ ಮುಖ ಕಪ್ಪಿಟ್ಟಿತು.

"ತಪ್ಪಾಯ್ತು," ಎಂದಷ್ಟೇ ಹೇಳಿದ.

ಮರುದಿನ ಅವಳು ಬಂದಾಗ ಗೆರೆಗಳಿರಲಿಲ್ಲ. ಹಳದಿಯೆಲ್ಲ ಕಿತ್ತು ಆ ಜಾಗಕ್ಕೆ ಬೂದು ಟೈಲ್ಸ್ ಕೂರಿಸಲಾಗಿತ್ತು. ಬಾಗಿಲ ಬಳಿಯ ಕಪ್ಪು ಪಟ್ಟಿಯೂ ಹೋಗಿ ಬೂದಾಗಿತ್ತು.

ಮೇಸ್ತ್ರಿಯೂ ಇರಲಿಲ್ಲ.

* * *

"ಹೊಸ ಗ್ರಂಥಾಲಯದ ಕೆಲಸಕ್ಕೆ ಹೋದನಮ್ಮಾ. ನೆಲಮಾಳಿಗೇಲಿ ಓದೋ ಕೋಣೆ ಮಾಡ್ತಿದ್ದಾರಂತೆ," ಎಂದರು ಕಂಟ್ರೋಲರ್ ಸಾಹೇಬರು. ಸ್ವಲ್ಪ ತಡೆದು, "ನಿಮ್ಮಣ್ಣ ಬಂದು ಮಾತಾಡಿ ಹೋದ ದಿನದಿಂದ ಅವನ ಮುಖದಲ್ಲಿ ಕಳೆನೇ ಇರಲಿಲ್ಲ ಬಿಡು," ಎಂದು ಸೇರಿಸಿದರು.

"ನಮ್ಮಣ್ಣ ಬಂದಿದ್ನಾ?!"

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಪಕ್ಕದ ಮನೆಯವರೂ ಕೇಳಿಸಿಕೊಂಡರು. ಮೈಕಿನ ದನಿ ಸಾಮಾನ್ಯವೇ?

"ಏನು ಹೇಳಿದೆ ಅವರಿಗೆ? ನಿಜ ಹೇಳು!"

ಅಣ್ಣ ಅಂಗಿಯ ಗುಂಡಿ ತಿರುಗಿಸುತ್ತ ನಿಂತ. "ಇದ್ದದ್ದೇ ಹೇಳ್ದೆ. ಅವಳು ಎಲ್ಲರ ಹತ್ರಾನೂ ಹಾಗೇ ಇರ್ತಾಳೆ, ತಪ್ಪು ತಿಳ್ಕೋಬೇಡಿ, ಅವಳಿಗೆ ಪ್ರೀತಿ ಗೀತಿ ಅರ್ಥ ಆಗಲ್ಲ ಅಂದೆ. ಅವನು ಸುಮ್ನೆ ಕೇಳಿಸ್ಕೊಂಡ. ಕೊನೆಗೆ, ಹೋಗೋಕೆ ಮುಂಚೆ ಅವರ ದಾರಿ ಸಲೀಸು ಮಾಡಿಕೊಟ್ಟು ಹೋಗ್ತೀನಿ ಅಂದ."

ಅವಳಿಗೆ ನೆಲವೇ ಜಾರಿದಂತಾಯಿತು.

'ಹಾಗಾದ್ರೆ ಆ ಗೆರೆ... ಕನಿಕರ ಅಲ್ಲ. ಬೀಳ್ಕೊಡುಗೆ! ನಾನು ಅದಕ್ಕೇ ಎಗರಾಡಿಬಿಟ್ಟೆನಲ್ಲ...'

ಆದರೂ ಗೆರೆ ಹಾಕಿದ್ದು ತಪ್ಪೇ. ಅದರಲ್ಲಿ ಅವಳು ಒಂದಿಂಚೂ ಸಡಿಲಿಸುವವಳಲ್ಲ. ಕಣ್ಣೊರೆಸಿಕೊಂಡು ಅಣ್ಣನ ಮುಂದೆ ಬಂದು ನಿಂತಳು.

"ಅಣ್ಣ, ಗ್ಯಾಸ್ ತರೋನು ಬಂದ್ರೆ ನಾನೇನ್ ಮಾಡ್ತೀನಿ?"

"ಅವನ ತಲೆ ತಿಂತೀಯ."

"ಹಲ್ಲಿನ ಡಾಕ್ಟರ ಹತ್ರ?"

"ಬಾಯಲ್ಲಿ ಹತ್ತಿ ಇಟ್ರೂ ಮಾತಾಡ್ತೀಯ."

"ಮೇಸ್ತ್ರಿ ಮುಂದೆ ನಂಗೆ ಮಾತೇ ಬರಲ್ಲ ಅಣ್ಣ! ಬಾಯಿ ಒಣಗುತ್ತೆ. ಹೇಳಬೇಕು ಅಂದ್ಕೊಂಡಿದ್ದೆಲ್ಲ ಮರೆತುಹೋಗುತ್ತೆ. ಅವರ ದನಿ ಕೇಳಿ ಬಸ್ಸನ್ನೇ ತಪ್ಪಾಗಿ ಕೂಗಿದೀನಿ. ಯಾವ ಡಾಕ್ಟರಾದ್ರೂ ಇದಕ್ಕೆ ಹೆಸರಿಟ್ಟಿದ್ದಾರಾ? ನನ್ನ ಕಾಲು ತಡವರಿಸುತ್ತೆ, ಒಪ್ಕೋತೀನಿ. ಮನಸ್ಸು ತಡವರಿಸಿಲ್ಲ. ಎಲ್ಲರೂ ಇಷ್ಟ ನಂಗೆ. ಪ್ರೀತಿ ಅವರೊಬ್ಬರ ಮೇಲೇ!"



ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಕನ್ನಡಕ ತೆಗೆದು ಮಗಳನ್ನು ದಿಟ್ಟಿಸಿದರು. ಈ ಹುಡುಗಿಗೆ ಮಾತು ಬರದೇ ಹೋದದ್ದನ್ನು ಹೆತ್ತ ತಾಯಿಯೂ ಒಂದು ದಿನವೂ ಕಂಡಿರಲಿಲ್ಲ.

"ನಿಮ್ಮಪ್ಪ ನನ್ನ ನೋಡೋಕೆ ಬಂದಾಗ," ಎಂದರು ಮೆಲ್ಲಗೆ, "ಹೆಸರೇನು ಅಂತ ಕೇಳಿದ್ರು. ನಂಗೆ ನನ್ನ ಹೆಸರೇ ಬಾಯಿಗೆ ಬರಲಿಲ್ಲ. ಪಕ್ಕದಲ್ಲಿದ್ದ ಚಿಕ್ಕಮ್ಮ ಹೇಳಬೇಕಾಯ್ತು."

"ಅಮ್ಮಾ, ನೀನೂ..." ಎಂದ ಅಣ್ಣ.

"ನೀನು ಸುಮ್ನಿರೋ. ನಾಳೆ ಅವಳು ಹೋಗ್ತಾಳೆ. ನಾನು ಕೈ ಹಿಡ್ಕೊಂಡು..."

"ಬೇಡಮ್ಮ. ಒಬ್ಬಳೇ."

* * *

"ಮೈಕಲ್ಲೇ ಕೂಗಿಬಿಡಮ್ಮಾ, ಊರಿಗೆಲ್ಲ ಗೊತ್ತಾಗಲಿ!" ಎಂದು ಬೆಳಗ್ಗೆ ಕಂಟ್ರೋಲರ್ ಸಾಹೇಬರು ಹುರಿದುಂಬಿಸಿದರು.

"ಊರಿಗೆ ಹೇಳೋದು ನಂಗೆ ಸಲೀಸು ಸಾರ್," ಎಂದಳು ಚಪ್ಪಲಿ ಬಿಗಿ ಮಾಡಿಕೊಳ್ಳುತ್ತ. "ಅವರೊಬ್ಬರಿಗೆ ಹೇಳೋದೇ ಕಷ್ಟ. ಅದಕ್ಕೇ ಹೋಗ್ತಿದ್ದೀನಿ. ಅರ್ಧ ದಿನ ರಜೆ ಬರ್ಕೊಳ್ಳಿ."

ಗ್ರಂಥಾಲಯದ ಬಾಗಿಲು ದಾಟಿದಳು. ನೆಲಮಾಳಿಗೆಯಿಂದ ಸದ್ದು ಬರುತ್ತಿತ್ತು. ಟಕ್... ಟಕ್... ಟಕ್...

ಆ ಸದ್ದು ಹಿಡಿದು ಬಂದವಳ ಮುಂದೆ ಬಾಯ್ತೆರೆದು ನಿಂತಿತ್ತು ಮೆಟ್ಟಿಲು. ಇಡೀ ಮೆಟ್ಟಿಲೇ ಕಪ್ಪು ಕಲ್ಲು! ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು, ಗೊತ್ತೇ ಆಗುತ್ತಿರಲಿಲ್ಲ. ಕೆಳಗೆ ದೀಪದ ಬೆಳಕಲ್ಲಿ, ಸಿಮೆಂಟು ಮೆತ್ತಿದ ಆ ಪರಿಚಿತ ಬೆನ್ನು.

"ಮೇಸ್ತ್ರಿ!"

ಸುತ್ತಿಗೆ ನಿಂತಿತು. ತಿರುಗಿದವನು ಬೆಚ್ಚಿಬಿದ್ದ.

"ಅಲ್ಲೇ ನಿಲ್ಲಿ! ಈ ಮೆಟ್ಟಿಲು ನಿಮಗೆ... ನಾನೇ ಮೇಲೆ ಬರ್ತೀನಿ!"

"ನೀವು ಅಲ್ಲೇ ನಿಲ್ಲಿ, ಮೇಸ್ತ್ರಿ! ಒಂದು ಹೆಜ್ಜೆನೂ ಮುಂದೆ ಇಡಬೇಡಿ!"

ಮೈಕಿಲ್ಲದೆಯೇ ನೆಲಮಾಳಿಗೆಯೆಲ್ಲ ಮೊಳಗಿತು. ಅವನು ಎತ್ತಿದ ಕಾಲನ್ನು ಅಲ್ಲೇ ಇಳಿಸಿದ.

ಅವಳು ಕಂಬಿ ಹಿಡಿದು ಪಕ್ಕಕ್ಕೆ ತಿರುಗಿ ನಿಂತಳು. ಕಾಲಿನ ತುದಿಯಿಂದ ತಡಕಿದಳು. ಸಿಕ್ಕಿತು ಕಲ್ಲು, ಇಟ್ಟಳು. ಇನ್ನೊಂದು ಕಾಲನ್ನೂ ತಂದು ಅದರ ಜೊತೆಗಿಟ್ಟಳು. ಉಸಿರು ಬಿಟ್ಟಳು.

"ನಾನು... ನಾನು ತಟ್ಟಲಾ? ಆವತ್ತಿನ ಹಾಗೆ?" ಎಂದ ಅವನು ಕೆಳಗಿನಿಂದ ಅಂಜುತ್ತ.

ಕೇಳಿದ! ಈ ಸಲ ಕೇಳಿದ! ಅವಳ ಕಣ್ಣು ತುಂಬಿತು.

"ತಟ್ಟಿ. ಆದ್ರೆ ನಾನು ಕಾಲು ಇಟ್ಟ ಮೇಲೆ. ನಿಮ್ಮ ಸದ್ದಿನ ಹಿಂದೆ ನಾನು ಬರಲ್ಲ. ನನ್ನ ಹೆಜ್ಜೆ ಹಿಂದೆ ನಿಮ್ಮ ಸದ್ದು ಬರಲಿ."

ಒಂದು ಹೆಜ್ಜೆ. ಟಕ್.

ತಡಕಾಟ... ತುಂಬಾ ಹೊತ್ತು. ಸುತ್ತಿಗೆ ಗಾಳಿಯಲ್ಲೇ ಕಾದಿತ್ತು. ಹೆಜ್ಜೆ. ಟಕ್.

"ಪುಟ್ಟೀ!"

ಮೇಲಿಂದ ಅಣ್ಣನ ಕೂಗು. ಮನಸ್ಸು ತಡೆಯದೆ ಹಿಂದೆಯೇ ಬಂದಿದ್ದ. ಮೆಟ್ಟಿಲ ನಡುವೆ ತೂರಾಡುತ್ತಿದ್ದ ತಂಗಿಯನ್ನು ಕಂಡು ಅವನ ಜೀವ ಹಾರಿಹೋಯಿತು.

"ರೀ ಮೇಸ್ತ್ರಿ! ನೋಡ್ತಾ ನಿಂತಿದ್ದೀರಲ್ರೀ! ಹಿಡ್ಕೊಳ್ರೀ ಅವಳನ್ನ!"

ಮೇಸ್ತ್ರಿಯ ಕೈ ತಾನಾಗಿ ಮುಂದೆ ಬಂತು. ಆದರೂ ನಿಂತಲ್ಲಿಂದ ಅಲುಗಲಿಲ್ಲ.

"ಇಲ್ಲ ಅಣ್ಣಾವ್ರೇ. ಅವರು ಬರ್ತಿದ್ದಾರೆ. ನೀವೂ ಸ್ವಲ್ಪ ತಡ್ಕೊಳ್ಳಿ."

ಅವಳಿಗೆ ಕಾಲು ಸೋತುಬಂತು. ಏನು ಮಾಡಿದಳು ಗೊತ್ತೇ? ಮೆಟ್ಟಿಲ ಮೇಲೇ ಕೂತುಬಿಟ್ಟಳು, ಮನೆಯ ಜಗುಲಿ ಎಂಬಂತೆ!

"ಸ್ವಲ್ಪ ಸುಧಾರಿಸ್ಕೋತೀನಿ. ಅಲ್ಲಿವರೆಗೆ ಕೇಳಿ. ಅಣ್ಣ, ನೀನೂ ಕೇಳು."

ಬಾಯಿ ಒಣಗಿತು. ಮಾತು ಎಂದಿನಂತೆ ಕೈಕೊಟ್ಟಿತು. ಅವಳು ಕಣ್ಣು ಮುಚ್ಚಿದಳು. ಯಾರೂ ಅವಸರ ಮಾಡಲಿಲ್ಲ.

"ನಾನು... ನಿಮ್ಮನ್ನ... ಥೂ, ಬಸ್ ಹೆಸರೆಲ್ಲ ಬಾಯಿಪಾಠ ಬರುತ್ತೆ, ಇದು ಬರಲ್ಲ ನೋಡಿ! ಮೇಸ್ತ್ರಿ, ನಾನು ನಿಮ್ಮನ್ನ ಪ್ರೀತಿಸ್ತೀನಿ. ಎಲ್ಲರನ್ನೂ ಅಲ್ಲ. ನಿಮ್ಮನ್ನ."

ಅವನು ಮುಖ ಒರೆಸಿಕೊಂಡ. ಸಿಮೆಂಟು ಕಣ್ಣೀರಿಗೆ ಸೇರಿ ಇನ್ನಷ್ಟು ಮೆತ್ತಿಕೊಂಡಿತು.

"ನಾನೊಬ್ಬ ದಡ್ಡ. ಟೈಲ್ಸ್ ಅಳತೆಗೆ ಗೆರೆ ಹಾಕಿದೆ. ನಿಮ್ಮ ಹೆಜ್ಜೆ ಅಳತೆ ಕೇಳಲಿಲ್ಲ."

"ಹೆಜ್ಜೆ ಅಳತೆ ಬಿಡಿ. ನನ್ನನ್ನೇ ಕೇಳಲಿಲ್ಲ. ನನ್ನ ಪ್ರೀತಿ ವಿಷಯಾನೂ ನಮ್ಮಣ್ಣನ ಮಾತು ಕೇಳಿ ತೀರ್ಮಾನ ಮಾಡಿಬಿಟ್ರಿ!"

"ಈಗ ಕೇಳ್ತಿದ್ದೀನಿ," ಎಂದ ಅವನು. ದನಿ ಒಡೆದಿತ್ತು. "ನನ್ನ ಜೊತೆ ಇರ್ತೀರಾ? ನಿಮಗೆ ಹೇಗೆ ಬೇಕೋ ಹಾಗೆ?"

ಅವಳು ಕಂಬಿ ಹಿಡಿದು ಎದ್ದಳು. ಹೆಜ್ಜೆ. ಟಕ್. ಹೆಜ್ಜೆ. ಟಕ್. ಕೊನೆಯ ಮೆಟ್ಟಿಲಿಂದ ನೆಲಕ್ಕೆ ಕಾಲಿಟ್ಟಾಗ ಸುತ್ತಿಗೆ ತಟ್ಟುವುದನ್ನೇ ಮರೆತಿತ್ತು. ಅವಳು ಅವನೆದುರು ನಿಂತಿದ್ದಳು, ಬೆವರಿ, ಏದುಸಿರು ಬಿಡುತ್ತ, ಗೆದ್ದ ನಗು ನಗುತ್ತ.

"ಇದೇ ನನ್ನ ಉತ್ತರ. ಇನ್ನೂ ಬಾಯಿಬಿಟ್ಟು ಹೇಳಬೇಕಾ?"

"ಬೇಡ... ಅಲ್ಲ, ಹೇಳಿ. ಒಂದ್ಸಲ."

"ಇರ್ತೀನಿ."

ಅವನು ಕೈ ಚಾಚಿದ, ಹಿಡಿಯಲೋ ಬೇಡವೋ ಎಂದು ಅರ್ಧಕ್ಕೇ ನಿಲ್ಲಿಸಿದ. ಅವಳೇ ಆ ಒರಟು ಕೈಯನ್ನು ಎಳೆದುಕೊಂಡು ತನ್ನ ಕೆನ್ನೆಗೊತ್ತಿಕೊಂಡಳು.

ಮೇಲೆ ಅಣ್ಣ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. "ಪುಟ್ಟೀ, ನಾನೂ ನಿನ್ನ ಕೇಳಲಿಲ್ಲ ಕಣೇ," ಎಂದ.

"ಮನೆಗೆ ಬಾ, ಇದೆ ನಿಂಗೆ!" ಎಂದಳು ಕೆಳಗಿನಿಂದ. ಆದರೆ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿ ಮೆಟ್ಟಿಲ ಕಡೆ ನೋಡಿ ಮೆಲ್ಲಗೆ ಕೇಳಿದ.

"ಹತ್ತೋದು ಹೇಗೆ?"

"ಹತ್ತೋದು ನಂಗೆ ಅಷ್ಟು ಕಷ್ಟ ಇಲ್ಲ." ಅವಳು ಅವನ ಕಾಲುಗಳನ್ನು ನೋಡಿದಳು, ಆಗಿನಿಂದಲೂ ಅವು ಗಡಗಡ ನಡುಗುತ್ತಲೇ ಇದ್ದವು. ನಗುತ್ತ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. "ನಿಮಗೇ ಕಷ್ಟ ಇರೋ ಹಾಗಿದೆ. ಹೇಳಿ ಮೇಸ್ತ್ರಿ, ನಾನು ತಟ್ಟಲಾ?"

"ತಟ್ಟಿ," ಎಂದ ಅವನು. "ಆದ್ರೆ ನಾನು ಕಾಲು ಇಟ್ಟ ಮೇಲೆ."